ಪ್ರೂಫ್ ನೋಡಲು ಐಪ್ಯಾಡೋ, ಗ್ಯಾಲಕ್ಸಿ ಟ್ಯಾಬೋ?

ನಾನು ಪುಸ್ತಕಗಳ ಪ್ರೂಫ್ ನೋಡುವವಳು, ಅಂದರೆ ಅಚ್ಚಿಗೆ ಹೋಗುವ ಮೊದಲು ಪುಟಗಳ ತಪ್ಪು ತಿದ್ದುವವಳು. ಇಪ್ಪತ್ತು ವರ್ಷ ಕಾಗದ, ಕೆಂಪು ಪೆನ್ನು, ಕೊರಿಯರ್ ಅಂತಲೇ ಕಳೆದಿದೆ. ಈಗ ಪುಟ ಜೋಡಿಸುವ ಡಿಟಿಪಿಯವರು ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿ, "ಮೇಡಂ, ಸಂಜೆಯೊಳಗೆ ಆಗುತ್ತಾ?" ಅಂತಾರೆ. ಫೋನಿನಲ್ಲಿ ಒತ್ತಕ್ಷರ ಹುಡುಕಿ ಹುಡುಕಿ ಕಣ್ಣು ಸೋತಿತು. ಕೊನೆಗೆ ಒಂದು ಟ್ಯಾಬ್ ತೆಗೆದುಕೊಂಡೆ.

ನಾನು ಕೊಂಡದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ. ಮಗಳ ಹತ್ತಿರ ಎ16 ಚಿಪ್ ಇರುವ ಐಪ್ಯಾಡ್ ಇದೆ. ಎರಡೂ 2025ರಲ್ಲಿ ಬಂದವು. ಒಂದು ತಿಂಗಳು ಅದಲು ಬದಲು ಮಾಡಿಕೊಂಡು ನೋಡೋಣ ಅಂತ ಅವಳೇ ಹೇಳಿದಳು. ಅವಳು ಚಿತ್ರ ಬಿಡಿಸುತ್ತಾಳೆ, ಆಟವಾಡುತ್ತಾಳೆ. ನನಗೆ ಬೇಕಾದದ್ದು ಪುಟ ಕಾಣಬೇಕು, ಅದರ ಮೇಲೆ ಗೀಚಬೇಕು, ಅಷ್ಟೇ.

ದುಡ್ಡಿನ ಮಾತು ಮೊದಲೇ ಮುಗಿಸುತ್ತೇನೆ. ಬಿಡುಗಡೆಯಾದಾಗ ಐಪ್ಯಾಡ್ 34,900 ರೂಪಾಯಿ, ಸ್ಯಾಮ್‌ಸಂಗ್ 42,999. ಎರಡೂ ಬರೀ ವೈಫೈ, 128 ಜಿಬಿ. ಐಪ್ಯಾಡೇ ಅಗ್ಗ ಅಂತ ಕಾಣುತ್ತದೆ, ಅಲ್ವಾ? ಆದರೆ ಸ್ಯಾಮ್‌ಸಂಗ್ ಡಬ್ಬದಲ್ಲಿ ಪೆನ್ನು ಸೇರಿಯೇ ಬರುತ್ತದೆ. ಐಪ್ಯಾಡಿಗೆ ಯುಎಸ್‌ಬಿ-ಸಿ ಪೆನ್ಸಿಲ್ ಬೇರೆ ಕೊಳ್ಳಬೇಕು, ಅದಕ್ಕೆ ಆಗ 7,900. ಕೂಡಿಸಿದರೆ ಉಳಿಯುವ ವ್ಯತ್ಯಾಸ 199 ರೂಪಾಯಿ. ಪೆನ್ನು ಬೇಡ ಅನ್ನುವವರಿಗೆ ಮಾತ್ರ ಐಪ್ಯಾಡ್ ನಿಜವಾಗಿ ಅಗ್ಗ.

ಇನ್ನು ಪುಟದ ವಿಷಯ. ಎರಡರ ಪರದೆಯೂ ಮೂಲೆಯಿಂದ ಮೂಲೆಗೆ ಸುಮಾರು 10.9 ಇಂಚು. ಆಕಾರ ಮಾತ್ರ ಬೇರೆ. ಐಪ್ಯಾಡ್ ಸ್ವಲ್ಪ ಅಗಲ, ಸ್ಯಾಮ್‌ಸಂಗ್ ಉದ್ದ. ಅಗಲ ಇರುವುದರಲ್ಲೇ ಪುಟ ದೊಡ್ಡದಾಗಿ ಕಾಣುತ್ತದೆ ಅಂತ ನಾನು ನಂಬಿದ್ದೆ. ಸುಮ್ನೆ ಅನುಮಾನ ಬಂದು ಸ್ಕೇಲ್ ಇಟ್ಟು ಅಳೆದೆ. ನಮ್ಮ ಕಾದಂಬರಿ, ಕಥಾಸಂಕಲನಗಳು ಹೆಚ್ಚಾಗಿ ಡೆಮಿ 1/8 ಅನ್ನುವ, ಎ4ಗಿಂತ ಸಣ್ಣ ಆಕಾರದವು. ಆ ಪುಟ ತೆರೆದರೆ ಎರಡರಲ್ಲೂ ಎತ್ತರ ಒಂದೇ, ಒಂಬತ್ತು ಇಂಚಿಗೆ ಕೂದಲೆಳೆ ಕಡಿಮೆ! ಐಪ್ಯಾಡಿನಲ್ಲಿ ಎಡಬಲಕ್ಕೆ ಖಾಲಿ ಪಟ್ಟಿ ಉಳಿಯುತ್ತದೆ, ಸ್ಯಾಮ್‌ಸಂಗ್‌ನಲ್ಲಿ ಮೇಲೆ ಕೆಳಗೆ. ಆದರೆ ಗೀಚಲು ಶುರು ಮಾಡಿದರೆ ಪೆನ್ನು, ರಬ್ಬರ್, ಬಣ್ಣ ಎಲ್ಲ ಇರುವ ಪಟ್ಟಿ ಮೇಲೆ ಬಂದು ಕೂರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದು ಆ ಖಾಲಿ ಜಾಗದಲ್ಲೇ ಮುಕ್ಕಾಲು ಭಾಗ ಕೂತುಬಿಡುತ್ತದೆ. ಐಪ್ಯಾಡಿನಲ್ಲಿ ಪುಟವನ್ನೇ ಕುಗ್ಗಿಸುತ್ತದೆ. ಎ4 ಹಾಳೆಯಾದರೆ ಲೆಕ್ಕ ತಲೆಕೆಳಗು. ಐಪ್ಯಾಡಿನಲ್ಲಿ ಪುಟದ ಅಗಲ 6.2 ಇಂಚು ಬಂದರೆ ಸ್ಯಾಮ್‌ಸಂಗ್‌ನಲ್ಲಿ 5.8 ಮಾತ್ರ. ಓದಿ ಏನು ಮಹಾ ಅನ್ನಬೇಡಿ. ಕನ್ನಡದಲ್ಲಿ ದ ಮತ್ತು ಧ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸೀಳು. ಸಾಲಿನ ಕೆಳಗೆ ನೇತಾಡುವ ಒತ್ತು ಇನ್ನೂ ಸಣ್ಣದು. ಅರ್ಧ ಇಂಚು ಹೋದರೆ ಕಣ್ಣಿಗೆ ಗೊತ್ತಾಗುತ್ತದೆ.

ಪೆನ್ನಿನಲ್ಲಿ ನನ್ನ ವೋಟು ಸ್ಯಾಮ್‌ಸಂಗ್‌ಗೆ. ಅದಕ್ಕೆ ಚಾರ್ಜೇ ಬೇಡ. ಎತ್ತಿಕೊಂಡರೆ ಬರೆಯುತ್ತದೆ, ಹಳೇ ಕೆಂಪು ಪೆನ್ನಿನ ಹಾಗೆ. ಯುಎಸ್‌ಬಿ-ಸಿ ಪೆನ್ಸಿಲ್ ಐಪ್ಯಾಡಿನ ಅಂಚಿಗೆ ಅಂಟಿಕೊಳ್ಳುತ್ತದೆ, ಆದರೆ ಅಂಟಿಕೊಂಡರೆ ಚಾರ್ಜ್ ಆಗುವುದಿಲ್ಲ. ಮುಚ್ಚಳ ಸರಿಸಿ ಕೇಬಲ್ ಚುಚ್ಚಬೇಕು. ಜೊತೆಗೆ ಈ ಐಪ್ಯಾಡಿನ ಗಾಜಿಗೂ ಒಳಗಿನ ಪರದೆಗೂ ಮಧ್ಯೆ ತೆಳ್ಳಗೆ ಒಂದು ಜಾಗ ಇದೆ. ಪೆನ್ಸಿಲಿನ ತುದಿ ಒಂದು ಕಡೆ, ಗೆರೆ ಅದರಡಿ ನೀರಿನಲ್ಲಿ ಇದ್ದ ಹಾಗೆ. ಎರಡು ದಿನದಲ್ಲಿ ರೂಢಿಯಾಯಿತು ಬಿಡಿ. ಮಗಳ ತಕರಾರು ಬೇರೆ. ಒತ್ತಿ ಗೀಚಿದರೆ ಗೆರೆ ದಪ್ಪವಾಗುವ ಗುಣ ಈ ಪೆನ್ಸಿಲಿಗೆ ಇಲ್ಲ. ಸ್ಯಾಮ್‌ಸಂಗ್‌ನ ಎಸ್ ಪೆನ್ನಿಗೆ ಇದೆ. ಅವಳು ನನ್ನ ಟ್ಯಾಬ್ ಬಿಟ್ಟುಕೊಡಲು ತಕರಾರು ತೆಗೆದದ್ದು ಅದಕ್ಕೇ. ಪ್ರೂಫ್ ತಿದ್ದುವವರಿಗೆ ಗೆರೆ ದಪ್ಪವಾದರೇನು, ತೆಳ್ಳಗಾದರೇನು!

ಕೈಬರಹ ಅಕ್ಷರವಾಗುವ ಸೌಲಭ್ಯ ನನಗೆ ಗಮ್ಮತ್ತು ಅನಿಸಿತು. ಸ್ಯಾಮ್‌ಸಂಗ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಹಾಕಿಕೊಂಡು ಕನ್ನಡ ಕೈಬರಹ ಆರಿಸಿದರೆ, ಪೆನ್ನಿನಲ್ಲಿ ಬರೆದದ್ದು ಅಚ್ಚಿನ ಅಕ್ಷರವಾಗುತ್ತದೆ. ಅರ್ಕಾವತ್ತು ಬಂದಲ್ಲಿ ಕೆಲವು ಸಲ ತಡವರಿಸಿತು. ಅದರ ತಪ್ಪೋ, ಮೂವತ್ತು ವರ್ಷದಿಂದ ಕೋಳಿಕಾಲಾದ ನನ್ನ ಬರಹದ ತಪ್ಪೋ! ಐಪ್ಯಾಡಿನಲ್ಲಿ ಇದೇ ಕೆಲಸ ಮಾಡುವ ಸ್ಕ್ರಿಬಲ್‌ಗೆ ಕನ್ನಡ ಬರುವುದಿಲ್ಲ. ಕನ್ನಡ ಕೀಬೋರ್ಡ್ ಇದೆ, ಐಪ್ಯಾಡ್ ತಂತ್ರಾಂಶದ 2024ರ ಆವೃತ್ತಿಯಿಂದ ಅ ಆ ಇ ಈ ಕ್ರಮದ ಮಣೆಯೂ ಇದೆ. ಟೈಪ್ ಮಾಡುವವರಿಗೆ ಸಾಕು. ಪೆನ್ನು ಹಿಡಿದವಳಿಗೆ ಸಾಲದು.

ಎರಡು ಟ್ಯಾಬೂ ಸೋತ ಜಾಗವೂ ಒಂದಿದೆ. ಇನ್ನೂ ಎಷ್ಟೋ ಜನ ಹಳೇ ‘ನುಡಿ’ ತಂತ್ರಾಂಶದಲ್ಲಿ, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ವರ್ಡ್ ಫೈಲ್ ಮಾಡಿ ಕಳಿಸುತ್ತಾರೆ. ತೆರೆದರೆ ಎರಡರಲ್ಲೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಪಿಡಿಎಫ್ ಮಾಡಿಸಿ ತರಿಸಿಕೊಳ್ಳದೆ ಬೇರೆ ದಾರಿ ಇಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ವೇಗದಲ್ಲಿ ಐಪ್ಯಾಡ್ ಮುಂದೆ. ಐನೂರು ಪುಟದ ಸ್ಕ್ಯಾನ್ ಪಿಡಿಎಫ್ ಅದರಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ, ನನ್ನದರಲ್ಲಿ ಪುಟ ಒಂದು ಕ್ಷಣ ಮಸುಕಾಗಿ ಆಮೇಲೆ ತಿಳಿಯಾಗುತ್ತದೆ. ಸ್ಯಾಮ್‌ಸಂಗ್‌ಗೆ ಮೆಮೊರಿ ಕಾರ್ಡ್ ಹಾಕಬಹುದು, ಐಪ್ಯಾಡಿಗೆ ಇಲ್ಲ. ಸ್ಯಾಮ್‌ಸಂಗ್‌ಗೆ ಐಪಿ68 ಇದೆ, ಅಂದರೆ ನೀರು ಬಿದ್ದರೂ ತಡೆಯುತ್ತದೆ. ಒಲೆಯ ಪಕ್ಕ ಇಟ್ಟುಕೊಂಡು ಪ್ರೂಫ್ ನೋಡುವ ನನ್ನಂಥವಳಿಗೆ ಇದು ಸಣ್ಣ ವಿಷಯ ಅಲ್ಲ. ಚಾರ್ಜರ್ ಮಾತ್ರ ಡಬ್ಬದಲ್ಲಿ ಕೊಡುವುದಿಲ್ಲ. ಐಪ್ಯಾಡಿನವರು ಕೊಡುತ್ತಾರೆ. ಇಯರ್‌ಫೋನ್ ಚುಚ್ಚುವ ತೂತು ಎರಡರಲ್ಲೂ ಇಲ್ಲ.

ಕಾಗದವನ್ನು ಎರಡೂ ಗೆಲ್ಲಲಾರದ ಕೆಲಸ ಎರಡನೇ ಪ್ರೂಫ್. ಮೊದಲ ಸಲ ತಿದ್ದಿದ್ದನ್ನು ಡಿಟಿಪಿಯವರು ಹಾಕಿದ್ದಾರಾ, ಹಾಕುವಾಗ ಹೊಸ ತಪ್ಪು ಮಾಡಿದ್ದಾರಾ ಅಂತ ಹಳೇದು ಹೊಸದು ಪಕ್ಕಪಕ್ಕ ಇಟ್ಟು ನೋಡಬೇಕು. ಪರದೆಯನ್ನು ಅರ್ಧ ಅರ್ಧ ಮಾಡಿದರೆ ಪುಟ ಆರು ಇಂಚಿಗೆ ಇಳಿಯುತ್ತದೆ. ನೋಡಿದೆ, ತಲೆನೋವು ಬಂತು. ಆಮೇಲೆ ಮಗಳೇ ಹೇಳಿದಳು: "ಅಮ್ಮಾ, ಹಳೇದನ್ನ ಇದರಲ್ಲಿ ತೆಗಿ, ಹೊಸದನ್ನ ಅದರಲ್ಲಿ ತೆಗಿ." ಎರಡು ಟ್ಯಾಬ್ ಮೇಜಿನ ಮೇಲೆ ಪಕ್ಕಪಕ್ಕ. ಎಂಬತ್ತು ಸಾವಿರದ ಉಪಾಯ. ಒಂದು ಕಾದಂಬರಿ ಹಾಗೇ ಮುಗಿಸಿದೆ.

ತಿಂಗಳಾಯಿತು, ಅವರವರದು ಅವರವರಿಗೆ ವಾಪಸ್. ನನ್ನ ಕೆಲಸಕ್ಕೆ ಸ್ಯಾಮ್‌ಸಂಗೇ ಸರಿ ಅಂತ ಗಟ್ಟಿ ಮಾಡಿಕೊಂಡಿದ್ದೆ. ಮೊನ್ನೆ ಒಬ್ಬರು ಎ4 ಹಾಳೆಯಲ್ಲಿ 400 ಪುಟದ ಪಿಎಚ್‌ಡಿ ಪ್ರಬಂಧ ಕಳಿಸಿದ್ದಾರೆ. ಮಗಳು ಕಾಲೇಜಿನಿಂದ ಬರಲಿ ಅಂತ ಕಾಯುತ್ತಿದ್ದೇನೆ.