38 ಜಿಬಿ ಖಾಲಿ ಇದ್ದೂ ಜಾಗ ಇಲ್ಲ: ಬಿಟಿಆರ್‌ಎಫ್‌ಎಸ್ ಮೂರು ವರ್ಷ ಬಳಸಿದ ಮೇಲೆ

ರೇಟಿಂಗ್: 5ಕ್ಕೆ ಮೂರೂವರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಬದಲು ಫೆಡೋರಾ ಅನ್ನೋ ಲಿನಕ್ಸ್ ಇದೆ. 2020ರಿಂದ ಅದರ ಜೊತೆ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ಮೇ, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯೇ, ಬರುತ್ತದೆ. ಫೈಲ್‌ಗಳು ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ಸೌಲಭ್ಯ ನಿಜಕ್ಕೂ ಬಂಗಾರ. ಅಂಗಡಿ ಹುಡುಗ ಅಳಿಸಿದ ಆಲ್ಬಮ್ ಎರಡು ಸಲ ವಾಪಸ್ ಸಿಕ್ಕಿದೆ.

ಸಿಟ್ಟು ಬಂದಿದ್ದು ಮೇ ತಿಂಗಳಲ್ಲಿ. ಮದುವೆ ಸೀಸನ್. ಕಾರ್ಡಿನಿಂದ ಅರಿಶಿನದ ಫೋಟೋ ಇಳಿಸುತ್ತಿದ್ದಾಗ 'ನೋ ಸ್ಪೇಸ್ ಲೆಫ್ಟ್' ಅಂತ ನಿಂತುಬಿಟ್ಟಿತು. ನೋಡಿದರೆ 38 ಜಿಬಿ ಖಾಲಿ! ಹಳೇ ಫೋಲ್ಡರ್ ಅಳಿಸೋಣ ಅಂದರೆ ಅದಕ್ಕೂ ಜಾಗ ಇಲ್ಲವಂತೆ. ಮದುಮಗಳ ಕಾಕಾ ಎದುರಿಗೇ ಕೂತಿದ್ದರು. "ಏನ್ರೀ, ಫೋಟೋ ಹೋದ್ವೇನ್ರೀ?" "ಇಲ್ರೀ ಕಾಕಾ, ನೀವು ಚಾ ಕುಡೀರಿ" ಅಂದೆ. ನನ್ನ ಬೆವರು ಬರೀ ಬಿಸಿಲಿನದಾಗಿರಲಿಲ್ಲ.

ನೆಹರು ಗಂಜ್‌ನ ಅಡತ್ ಅಂಗಡಿ ನೆನೆಸಿಕೊಳ್ಳಿ. ಗೋದಾಮಿನಲ್ಲಿ ತೊಗರಿ ಚೀಲ ಇಡಲು ಜಾಗ ಇದೆ, ಆದರೆ ಖಾತೆ ಪುಸ್ತಕದಲ್ಲಿ ಹಾಳೆ ಮುಗಿದಿದೆ. ಬರೆಯದೆ ಚೀಲ ಒಳಗೆ ಬರಲ್ಲ, ಹೊರಗೂ ಹೋಗಲ್ಲ. ಆ ಖಾತೆ ಪುಸ್ತಕವೇ ಮೆಟಾಡೇಟಾ, ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ; ಚೀಲಗಳೇ ಡೇಟಾ, ಅಂದರೆ ನಮ್ಮ ಫೋಟೋಗಳು. ಬಿಟಿಆರ್‌ಎಫ್‌ಎಸ್ ಡಿಸ್ಕನ್ನು ಸುಮಾರು ಒಂದೊಂದು ಜಿಬಿಯ ತುಂಡು ಮಾಡಿ, ಕೆಲವನ್ನು ಡೇಟಾಗೆ, ಕೆಲವನ್ನು ಮೆಟಾಡೇಟಾಗೆ ಕೊಡುತ್ತದೆ. ನನ್ನಲ್ಲಿ ಎಲ್ಲ ತುಂಡನ್ನೂ ಡೇಟಾ ಹಿಡಿದು ಕೂತಿತ್ತು, ಎಷ್ಟೋ ಅರೆಬರೆ ಖಾಲಿ. ಯೂಸೇಜ್ ಕಮಾಂಡ್ ಹೊಡೆದರೆ ಯಾರಿಗೂ ಕೊಡದ ಜಾಗ 1 ಎಂಬಿ! ಮೆಟಾಡೇಟಾ 6 ಜಿಬಿಯಲ್ಲಿ 5.49 ತುಂಬಿತ್ತು. ಉಳಿದ ಅರ್ಧ ಜಿಬಿ ಆಪತ್ತಿಗೆ ಅಂತ ಬಿಟಿಆರ್‌ಎಫ್‌ಎಸ್ಸೇ ಎತ್ತಿಟ್ಟುಕೊಳ್ಳುತ್ತದೆ, ನಮ್ಮ ಕೈಗೆ ಸಿಗಲ್ಲ. ಗಂಟೆಗೊಂದು ಸ್ನ್ಯಾಪ್‌ಶಾಟ್ ಹಾಕಿ ಖಾತೆ ದಪ್ಪ ಮಾಡಿದ್ದು ನಾನೇ ಅನ್ನಿ.

ದಾರಿ ಅಂದರೆ ಬ್ಯಾಲೆನ್ಸ್. ಅರೆಬರೆ ತುಂಡುಗಳಲ್ಲಿದ್ದದ್ದನ್ನು ಒಟ್ಟು ಸೇರಿಸಿ ತುಂಡು ಬಿಡಿಸಿಕೊಳ್ಳೋದು. ಆದರೆ ಅದಕ್ಕೂ ಮೊದಲು ಖಾಲಿ ತುಂಡು ಬೇಕಲ್ವಾ? ಹಾಗಾಗಿ 32 ಜಿಬಿ ಪೆನ್‌ಡ್ರೈವ್ ಚುಚ್ಚಿ, 'ಡಿವೈಸ್ ಆ್ಯಡ್' ಕಮಾಂಡ್‌ನಿಂದ ಅದನ್ನೂ ಡಿಸ್ಕಿನ ಜೊತೆ ಸೇರಿಸಿ, ಬ್ಯಾಲೆನ್ಸ್‌ಗೆ 'ಡಿಯೂಸೇಜ್' 30 ಕೊಟ್ಟೆ. ಅಂದರೆ ಶೇಕಡಾ 30ಕ್ಕಿಂತ ಕಡಿಮೆ ತುಂಬಿದ ಡೇಟಾ ತುಂಡುಗಳನ್ನು ಮಾತ್ರ ಮುಟ್ಟು ಅಂತ. ಆ ಹೊತ್ತಲ್ಲಿ ಪೆನ್‌ಡ್ರೈವ್ ಕಿತ್ತರೆ ಇಡೀ ಡಿಸ್ಕೇ ಹೋದಂತೆ. ಹುಡುಗನನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ. ಕರೆಂಟ್ ಹೋದರೆ ಅಂತ ಯುಪಿಎಸ್ ದೀಪ ನೋಡುತ್ತಾ ಕೂತೆ. 460 ತುಂಡಲ್ಲಿ 14 ಸರಿದವು. 11 ಜಿಬಿ ಬಿಡುಗಡೆ. ಆಮೇಲೆ ಪೆನ್‌ಡ್ರೈವನ್ನು ಡಿಸ್ಕಿನಿಂದ ಬೇರೆ ಮಾಡುವ 'ಡಿವೈಸ್ ರಿಮೂವ್', ಅದು ಪೂರ್ತಿ ಮುಗಿದ ಮೇಲೆಯೇ ಪೆನ್‌ಡ್ರೈವ್ ತೆಗೆದಿದ್ದು.

ಒಂದು ಮಾತು: ಬ್ಯಾಲೆನ್ಸ್ ಡೇಟಾಗೆ ಮಾತ್ರ ಮಾಡಿ. ಮೆಟಾಡೇಟಾಗೂ ಮಾಡಿದರೆ ಅದರ ಸಡಿಲ ಜಾಗ ಮತ್ತೆ ಬಿಗಿಯಾಗುತ್ತದೆ.

ಒಂದೂವರೆ ಸ್ಟಾರ್ ಕಡಿದಿದ್ದು ಆ '38 ಜಿಬಿ ಖಾಲಿ' ಅನ್ನೋ ಸುಳ್ಳು ಧೈರ್ಯಕ್ಕೆ. ಈಗ ಸ್ನ್ಯಾಪ್‌ಶಾಟ್ ದಿನಕ್ಕೊಂದೇ, ಅದೂ ಹತ್ತು ದಿನದ್ದು. ಪೆನ್‌ಡ್ರೈವ್‌ಗೆ ಕೆಂಪು ದಾರ ಕಟ್ಟಿ ಮಾನಿಟರ್ ಹಿಂದೆ ಮೊಳೆಗೆ ನೇತುಹಾಕಿದ್ದೇನೆ.