ಭಿನ್ನರಾಶಿ ಕಲಿಸಲು ನಾಲ್ಕು ಆಟ: ಯಾವುದರಲ್ಲಿ ಕಲಿಕೆ, ಯಾವುದರಲ್ಲಿ ಬರೀ ಗದ್ದಲ?

1/8 ದೊಡ್ಡದೋ, 1/5 ದೊಡ್ಡದೋ ಅಂತ ಮಕ್ಕಳನ್ನು ಕೇಳಿ ನೋಡಿ. ಐದಕ್ಕಿಂತ ಎಂಟು ದೊಡ್ಡದಲ್ವಾ, ಹಾಗಾಗಿ 1/8 ಅನ್ನುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಈ ಒಂದೇ ಪಾಠಕ್ಕೆ ನಾಲ್ಕು ಬಗೆಯ ಆಟ ಆಡಿಸಿ ನೋಡಿದೆ. ಪರದೆಯ ಮೇಲಿನ ವೇಗದ ಕ್ವಿಜ್, ಪಾಯಿಂಟ್ ಕದಿಯುವ ಆನ್‌ಲೈನ್ ಆಟ, ಕೈಯಲ್ಲಿ ಎತ್ತಿ ಹಿಡಿಯುವ ಕೋಡ್ ಕಾರ್ಡು, ಮತ್ತು ಸಾದಾ ಅಂಕಿ ಕಾರ್ಡು. ಅಳೆಯಲು ನನ್ನ ಹತ್ತಿರ ಇದ್ದ ಪ್ರಶ್ನೆ ಒಂದೇ. ಭಿನ್ನರಾಶಿಯ ಬಗ್ಗೆ ಯೋಚಿಸದೆಯೂ ಈ ಆಟದಲ್ಲಿ ಗೆಲ್ಲಬಹುದಾ?

ವೇಗದ ಕ್ವಿಜ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಕಹೂಟ್. ನಾರ್ವೆಯಲ್ಲಿ ಹುಟ್ಟಿದ್ದು, 2013ರಲ್ಲಿ ಎಲ್ಲರಿಗೂ ಸಿಕ್ಕಿತು. ಪ್ರಶ್ನೆ ದೊಡ್ಡ ಪರದೆಯ ಮೇಲೆ ಬರುತ್ತದೆ, ಮಕ್ಕಳು ತಮ್ಮ ಫೋನು ಅಥವಾ ಟ್ಯಾಬ್‌ನಲ್ಲಿ ಸರಿ ಅನ್ನಿಸಿದ ಉತ್ತರದ ಬಣ್ಣ ಒತ್ತುತ್ತಾರೆ. ಒಂದು ಪ್ರಶ್ನೆಗೆ ಸಾಮಾನ್ಯವಾಗಿ 1000 ಪಾಯಿಂಟ್. ತಡವಾದಷ್ಟೂ ಅದು ಕರಗುತ್ತದೆ, ಆದರೆ ಕೊನೇ ಕ್ಷಣದ ಸರಿ ಉತ್ತರಕ್ಕೂ ಸುಮಾರು 500 ಸಿಗುತ್ತದೆ. 1/4 ಅಂದರೆ 0.25, ಅರ್ಧ ಅಂದರೆ ಶೇಕಡಾ 50, ಇಂಥವನ್ನು ಬಾಯಲ್ಲೇ ಬರುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ತರಗತಿಯೇ ಎದ್ದು ನಿಲ್ಲುತ್ತದೆ.

ಆದರೆ 3/7 ಮತ್ತು 2/5ರಲ್ಲಿ ಯಾವುದು ದೊಡ್ಡದು ಅನ್ನುವುದಕ್ಕೆ ಯೋಚನೆ ಬೇಕು. ವೇಗಕ್ಕೆ ಪಾಯಿಂಟ್ ಕೊಡುವ ಯಾವುದೇ ಆಟದಲ್ಲಿ ಯೋಚಿಸುವ ಮಗು ಹಿಂದೆ ಬೀಳುತ್ತದೆ, ನಾಲ್ಕು ಆಯ್ಕೆ ಕೊಟ್ಟಾಗ ಸುಮ್ನೆ ಒತ್ತಿದ ಮಗುವಿಗೂ ನಾಲ್ಕರಲ್ಲಿ ಒಂದು ಅವಕಾಶ ಇದ್ದೇ ಇರುತ್ತದೆ. ಇದಕ್ಕೆ ಒಂದು ಸಣ್ಣ ಉಪಾಯ ಇದೆ. ಪ್ರಶ್ನೆಯ ಸಮಯ ಹೆಚ್ಚಿಸಿ. 20 ಸೆಕೆಂಡ್ ಇಟ್ಟಾಗ ಹತ್ತನೇ ಸೆಕೆಂಡಿನ ಸರಿ ಉತ್ತರಕ್ಕೆ 750 ಸಿಗುತ್ತದೆ. 60 ಸೆಕೆಂಡ್ ಇಟ್ಟರೆ ಅದೇ ಉತ್ತರಕ್ಕೆ 900 ದಾಟುತ್ತದೆ. ಯೋಚಿಸಿದ್ದಕ್ಕೆ ಬೀಳುವ ದಂಡ ಅಷ್ಟು ಕಡಿಮೆಯಾಯಿತು.

ಪಾಯಿಂಟ್ ಕದಿಯುವ ಆಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರಿ ಉತ್ತರ ಕೊಟ್ಟರೆ ಪೆಟ್ಟಿಗೆ ತೆರೆಯುತ್ತದೆ, ಅದೃಷ್ಟ ಇದ್ದರೆ ಪಕ್ಕದವನ ಚಿನ್ನ ನಿಮ್ಮದು. ಮಕ್ಕಳಿಗೆ ಇದೇ ಎಲ್ಲಕ್ಕಿಂತ ಇಷ್ಟ. ಹಿಂದುಳಿದ ಮಗುವೂ ಗೆಲ್ಲಬಹುದು ಅನ್ನುವುದು ಇದರ ದೊಡ್ಡ ಗುಣ, ಹಾಗಾಗಿ ಯಾರೂ ಅರ್ಧಕ್ಕೆ ಕೈಬಿಡುವುದಿಲ್ಲ. ಆದರೆ ಮನಸ್ಸೆಲ್ಲಾ ಪೆಟ್ಟಿಗೆಯ ಮೇಲೆ. ಭಿನ್ನರಾಶಿ ಟಿಕೆಟ್ ಕೌಂಟರ್ ಇದ್ದ ಹಾಗೆ, ಬೇಗ ದಾಟಿ ಒಳಗೆ ಹೋದರೆ ಸಾಕು.

ಮೂರನೆಯದು ಪ್ಲಿಕರ್ಸ್ ಅನ್ನುವ ಕೋಡ್ ಕಾರ್ಡು. ಪ್ರತಿ ಮಗುವಿಗೂ ಒಂದು ಚೌಕಾಕಾರದ ಕಪ್ಪು-ಬಿಳುಪು ಚಿತ್ರದ ಕಾಗದ ಕೊಡುತ್ತೀರಿ. ನಾಲ್ಕು ಬದಿಗೆ ಎ, ಬಿ, ಸಿ, ಡಿ. ತಾನು ಆರಿಸಿದ ಅಕ್ಷರ ಮೇಲೆ ಬರುವಂತೆ ಮಗು ಅದನ್ನು ಎತ್ತಿ ಹಿಡಿಯುತ್ತದೆ, ನೀವು ಒಂದೇ ಫೋನಿನಿಂದ ಇಡೀ ತರಗತಿಯನ್ನು ಓದಿಕೊಳ್ಳುತ್ತೀರಿ. ಒಬ್ಬೊಬ್ಬರ ಚಿತ್ರ ಒಂದೊಂದು ಥರ, ಹಾಗಾಗಿ ಪಕ್ಕದವರದ್ದು ನೋಡಿ ನಕಲು ಮಾಡುವುದು ಕಷ್ಟ. ವೇಗಕ್ಕೆ ಬೆಲೆ ಇಲ್ಲ. ನಿಜ ಹೇಳಬೇಕೆಂದರೆ ಇದು ಆಟವೇ ಅಲ್ಲ. ಆಟದ ಬಿಸಿ ಬೇಕಾದರೆ ಅದನ್ನು ನೀವೇ ತರಬೇಕು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇಲ್ಲಿ ಚೆನ್ನಾಗಿ ಕೂರುತ್ತದೆ: ಮೊದಲು ಒಬ್ಬರೇ ಉತ್ತರ ಕೊಡುವುದು, ಆಮೇಲೆ ಪಕ್ಕದವರನ್ನು ಒಪ್ಪಿಸಲು ವಾದ ಮಾಡುವುದು, ಮತ್ತೆ ಉತ್ತರ ಕೊಡುವುದು. ಎರಡನೇ ಸಲ ಎಷ್ಟು ಕಾರ್ಡು ತಿರುಗಿದವು ಅನ್ನುವುದನ್ನು ನೋಡಲು ಮಕ್ಕಳೇ ಕಾಯುತ್ತಾರೆ.

ಇನ್ನು ಅಂಕಿ ಕಾರ್ಡು. 1ರಿಂದ 9ರವರೆಗಿನ ಎರಡು ಸೆಟ್, ಇಬ್ಬರು ಆಟಗಾರರು. ಒಂದು ಕಾರ್ಡು ಎಳೆದ ತಕ್ಷಣ ಅದು ಅಂಶವೋ ಛೇದವೋ ಅಂತ ತೀರ್ಮಾನಿಸಿ ಇಡಬೇಕು, ಆಮೇಲೆ ಬದಲಿಸುವಂತಿಲ್ಲ. ಎರಡನೇ ಕಾರ್ಡು ಉಳಿದ ಜಾಗಕ್ಕೆ. ಯಾರ ಭಿನ್ನರಾಶಿ ದೊಡ್ಡದೋ ಅವರಿಗೆ ನಾಲ್ಕೂ ಕಾರ್ಡು. ಎಂಟು ದೊಡ್ಡದು ಅಂತ ಅದನ್ನು ಕೆಳಗೆ ಇಟ್ಟ ಮಗು ಸೋಲುತ್ತಾ ಹೋಗುತ್ತದೆ, ಯಾಕೆ ಅಂತ ತಾನೇ ಕೇಳುತ್ತದೆ. ಸ್ವಲ್ಪ ಹೊತ್ತಿಗೆ 2 ಬಂದರೆ ಕೆಳಗೆ, 8 ಬಂದರೆ ಮೇಲೆ. 5 ಬಂದರೆ? ಅಲ್ಲಿಂದ ಗಲಾಟೆ ಶುರು.

3/7 ಮತ್ತು 2/5 ಎದುರಾದಾಗ ಚಿತ್ರ ಬರೆದು ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಎರಡೂ ಅರ್ಧಕ್ಕಿಂತ ಕಡಿಮೆ ಅನ್ನುವುದೂ ನೆರವಿಗೆ ಬರುವುದಿಲ್ಲ. ಕೊನೆಗೆ ಛೇದ 35 ಮಾಡಿ 15/35, 14/35 ಅಂತ ನೋಡಲೇಬೇಕು. ಸಮಚ್ಛೇದ ಬೇಕು ಅಂತ ಅವರಿಗೇ ಅನ್ನಿಸುವ ಹೊತ್ತು ಅದು. ಬೋರ್ಡಿನ ಮೇಲೆ ಅದೇ ಲೆಕ್ಕ ಮಾಡಿಸಿದಾಗ ಹಾಗೆ ಯಾರಿಗೂ ಅನ್ನಿಸಿರಲಿಲ್ಲ. ಆಟ ಹಳೆಯದಾದಾಗ ನಿಯಮ ತಿರುಗಿಸಿ: ಅರ್ಧಕ್ಕೆ ಹತ್ತಿರ ಇದ್ದವರು ಗೆದ್ದರು. 4/9 ಮತ್ತು 5/9 ಬಂದರೆ ಯಾರು? ಎರಡೂ ಅರ್ಧದಿಂದ 1/18 ದೂರ, ಆಟ ಸಮ. ಇದನ್ನು ಒಪ್ಪಲು ಇಬ್ಬರೂ ತಯಾರಿರುವುದಿಲ್ಲ, ಆ ಜಗಳ ಕೇಳಲು ಚೆಂದ.

ಆಟದ ನಡೆಯಲ್ಲೇ ಲೆಕ್ಕ ಇದ್ದರೆ ಕಲಿಕೆ ಆಗುತ್ತದೆ. ಮನಶ್ಶಾಸ್ತ್ರಜ್ಞರಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಶಾಲೆಗೆ ಇನ್ನೂ ಸೇರದ ಪುಟ್ಟ ಮಕ್ಕಳಿಗೆ ಅವರು ಒಂದೇ ಥರದ ಹಲಗೆಯಾಟ ಕೊಟ್ಟರು. ಕೆಲವರ ಹಲಗೆಯ ಚೌಕಗಳಲ್ಲಿ 1ರಿಂದ 10ರವರೆಗೆ ಅಂಕಿ, ಉಳಿದವರದ್ದರಲ್ಲಿ ಬರೀ ಬಣ್ಣ. ಅಂಕಿಯ ಮೇಲೆ ಕಾಯಿ ನಡೆಸಿದವರ ಸಂಖ್ಯಾಜ್ಞಾನ ಬೆಳೆಯಿತು, ಬಣ್ಣದವರದ್ದು ಹಾಗೆ ಬೆಳೆಯಲಿಲ್ಲ. ಆಟ ಇಬ್ಬರೂ ಆಡಿದ್ದರು.

ಕಾರ್ಡಿನ ತೊಂದರೆ ಏನು ಗೊತ್ತಾ? ಇಬ್ಬರೂ ಸೇರಿ ತಪ್ಪು ಒಪ್ಪಿಕೊಂಡು ಆರಾಮಾಗಿ ಮುಂದೆ ಹೋಗಿಬಿಡುತ್ತಾರೆ, ನಿಮಗೆ ಗೊತ್ತೇ ಆಗುವುದಿಲ್ಲ. ಚುರುಕಾದವರು ಇಬ್ಬರ ಲೆಕ್ಕವನ್ನೂ ತಾವೇ ಮಾಡಿಬಿಡುತ್ತಾರೆ. ಅದಕ್ಕೇ ಪ್ರತಿ ಸುತ್ತನ್ನೂ ಚೀಟಿಯಲ್ಲಿ ಸರದಿಯ ಮೇಲೆ ಬರೆಸುತ್ತೇನೆ, ನಡುವೆ ಹೆಚ್ಚು-ಕಡಿಮೆ ಚಿಹ್ನೆ ಹಾಕಿ. ಆ ಚೀಟಿಗಳಲ್ಲಿ ಎಡವಟ್ಟಾದ ಜೋಡಿಗಳೇ ಮಾರನೇ ದಿನದ ಪ್ಲಿಕರ್ಸ್ ಪ್ರಶ್ನೆ. ವೇಗದ ಕ್ವಿಜ್ ಪಾಠದ ಕೊನೆಗೆ, ಎಲ್ಲರಿಗೂ ಬಂದಿದೆ ಅನ್ನಿಸಿದ ಮೇಲೆ. ಚಿನ್ನ ಕದಿಯುವುದು ಪರೀಕ್ಷೆ ಮುಗಿದ ದಿನಕ್ಕೆ.

ಈಗ ಮಕ್ಕಳು ತಾವೇ ಮೂರನೇ ಕಾರ್ಡು ಸೇರಿಸಿ ಮಿಶ್ರ ಭಿನ್ನರಾಶಿಯ ಆಟ ಮಾಡಿಕೊಂಡಿದ್ದಾರೆ. ಅದಿನ್ನೂ ಕೂಡಿಬಂದಿಲ್ಲ. ಮೊದಲ ಕಾರ್ಡು 9 ಬಂದವರು ಅದನ್ನು ಪೂರ್ಣಾಂಕದ ಜಾಗದಲ್ಲಿಟ್ಟು ಹೆಚ್ಚುಕಡಿಮೆ ಅಲ್ಲೇ ಗೆದ್ದುಬಿಡುತ್ತಾರೆ. ಪೂರ್ಣಾಂಕ 3 ದಾಟಬಾರದು ಅಂತ ಒಂದು ಗುಂಪು, ಕೊನೇ ಕಾರ್ಡೇ ಪೂರ್ಣಾಂಕ ಆಗಬೇಕು ಅಂತ ಇನ್ನೊಂದು ಗುಂಪು.