ಹೀತ್‌ಕಿಟ್ ಎಸ್‌ಜಿ-8 ಸಿಗ್ನಲ್ ಜನರೇಟರ್: ಧಾರವಾಡದಲ್ಲಿ ಮೂರು ಮಳೆಗಾಲ ಬಳಸಿದ ಮೇಲೆ

ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನಲ್ಲಿದ್ದ ಒಂದು ಹಳೆಯ ರೇಡಿಯೋ ದುರಸ್ತಿ ಅಂಗಡಿ ಮೂರು ವರ್ಷಗಳ ಹಿಂದೆ ಬಾಗಿಲು ಮುಚ್ಚಿತು. ಆಗ ಅಟ್ಟದಿಂದ ಇಳಿಸಿದ ಸಾಮಾನುಗಳ ನಡುವೆ, ಅರ್ಧ ಬಿಚ್ಚಿದ ಟೇಪ್ ರೆಕಾರ್ಡರುಗಳ ಅಡಿಯಲ್ಲಿ, ಬೂದು ಬಣ್ಣದ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿತು. ಹೀತ್‌ಕಿಟ್ ಕಂಪನಿಯ ಎಸ್‌ಜಿ-8 ಎಂಬ ರೇಡಿಯೋ ಸಿಗ್ನಲ್ ಜನರೇಟರ್ ಅದು. ‘ಚಾಲೂ ಐತ್ರಿ, ಹಚ್ಚಿ ನೋಡ್ರಿ’ ಎಂದು ಮಾರುವವರು ಧೈರ್ಯ ಹೇಳಿದರು. ಅಲ್ಲಿಯೇ ಹಚ್ಚಿ ನೋಡಲು ನಾನು ಒಪ್ಪಲಿಲ್ಲ. ಅಮೆರಿಕದ 117 ವೋಲ್ಟಿಗೆಂದು ತಯಾರಾದ ಯಂತ್ರವನ್ನು ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ನೇರವಾಗಿ ಚುಚ್ಚಿದ್ದರೆ ಈ ವಿಮರ್ಶೆ ಅಲ್ಲಿಗೇ ಮುಗಿಯುತ್ತಿತ್ತು. 3,500 ರೂಪಾಯಿ ಕೊಟ್ಟು, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಧಾರವಾಡಕ್ಕೆ ತಂದೆ.

ಹಳೆಯ ರೇಡಿಯೋಗಳನ್ನು ಸಂಗ್ರಹಿಸುವವರು ನಮ್ಮ ಭಾಗದಲ್ಲಿ ಸಾಕಷ್ಟು ಜನ ಇದ್ದಾರೆ, ಆದರೆ ಅವುಗಳನ್ನು ಸರಿಪಡಿಸುತ್ತಿದ್ದ ಉಪಕರಣಗಳನ್ನು ಇಟ್ಟುಕೊಳ್ಳುವವರು ಕಡಿಮೆ. ಮರದ ಕ್ಯಾಬಿನೆಟ್ಟಿನ ಮರ್ಫಿ ಅಥವಾ ಫಿಲಿಪ್ಸ್ ಸೆಟ್ಟು ಪಡಸಾಲೆಯಲ್ಲಿ ಚೆಂದ ಕಾಣುತ್ತದೆ. ಅದರ ಧ್ವನಿ ಮಾತ್ರ ಕ್ಷೀಣವಾಗಿ, ಒಂದು ಕೇಂದ್ರದ ಮೇಲೆ ಇನ್ನೊಂದು ಕೇಂದ್ರ ಹೇರಿಕೊಂಡು ಬರುತ್ತಿದ್ದರೆ, ವಾಲ್ವುಗಳೂ (ಟ್ರಾನ್ಸಿಸ್ಟರಿಗಿಂತ ಮುಂಚಿನ ಗಾಜಿನ ಕೊಳವೆಗಳು) ಕೆಪಾಸಿಟರುಗಳೂ ಸರಿಯಿದ್ದಲ್ಲಿ, ಕಾರಣ ಬಹುಮಟ್ಟಿಗೆ ಅಲೈನ್‌ಮೆಂಟ್ (ಒಳಗಿನ ಕಾಯಿಲ್‌ಗಳ ಹೊಂದಾಣಿಕೆ) ತಪ್ಪಿರುವುದೇ ಆಗಿರುತ್ತದೆ. ಸೂಪರ್‌ಹೆಟ್ ರೇಡಿಯೋ ಯಾವ ಕೇಂದ್ರವನ್ನು ಹಿಡಿದರೂ ಅದನ್ನು ಮೊದಲು ಒಂದೇ ನಿಗದಿತ ಆವರ್ತನಕ್ಕೆ ಇಳಿಸಿಕೊಂಡು ವರ್ಧಿಸುತ್ತದೆ. ಈ ಮಧ್ಯಂತರ ಆವರ್ತನ, ಅಂದರೆ ಐ.ಎಫ್., ಹೆಚ್ಚಿನ ಸೆಟ್ಟುಗಳಲ್ಲಿ 455 ಕಿಲೋಹರ್ಟ್ಜ್, ಕೆಲವು ಹಳೆಯ ಬ್ರಿಟಿಷ್ ವಿನ್ಯಾಸಗಳಲ್ಲಿ 465 ಅಥವಾ 470. ಐ.ಎಫ್. ಕಾಯಿಲ್‌ಗಳೆಲ್ಲ ಆ ಒಂದೇ ಅಂಕಿಗೆ ಕೂಡಿಬರಬೇಕಾದರೆ ಅಷ್ಟೇ ಆವರ್ತನದ ಸಂಕೇತವನ್ನು ಬೇಕಾದಷ್ಟು ಹೊತ್ತು, ಬೇಕಾದಷ್ಟೇ ಪ್ರಮಾಣದಲ್ಲಿ ಕೊಡುವ ಮೂಲವೊಂದು ಕೈಯಲ್ಲಿರಬೇಕು. ಸಿಗ್ನಲ್ ಜನರೇಟರಿನ ಕೆಲಸ ಅದೇ.

ಎಸ್‌ಜಿ-8 ತಯಾರಾದದ್ದು 1950ರ ದಶಕದಲ್ಲಿ. ಮಿಷಿಗನ್ ರಾಜ್ಯದ ಬೆಂಟನ್ ಹಾರ್ಬರಿನ ಹೀತ್ ಕಂಪನಿ ಇದನ್ನು ಜೋಡಿಸಿದ ಯಂತ್ರವಾಗಿ ಅಲ್ಲ, ಬಿಡಿಭಾಗಗಳ ಕಿಟ್ ಆಗಿ 19 ಡಾಲರ್ 50 ಸೆಂಟಿಗೆ ಮಾರುತ್ತಿತ್ತು, ಕೊಂಡವರು ಮನೆಯಲ್ಲಿ ಕೂತು ಬೆಸುಗೆ ಹಾಕಿಕೊಳ್ಳಬೇಕಿತ್ತು. 160 ಕಿಲೋಹರ್ಟ್ಜಿನಿಂದ 110 ಮೆಗಾಹರ್ಟ್ಜಿನವರೆಗೆ ಐದು ಬ್ಯಾಂಡುಗಳಿವೆ. 220 ಮೆಗಾಹರ್ಟ್ಜಿನವರೆಗೆ ಬರೆದಿರುವುದು ಹಾರ್ಮೋನಿಕ್‌ಗಳ (ಮೂಲ ಆವರ್ತನದ ಪಟ್ಟುಗಳ) ಲೆಕ್ಕದಲ್ಲಿ, ಅದನ್ನು ನಾನು ಬಳಸಿಲ್ಲ. ಒಳಗೆ ಇರುವುದು ಎರಡೇ ವಾಲ್ವು, ಒಂದು 12ಎಯು7, ಒಂದು 6ಸಿ4. ಮೊದಲನೆಯದು ನಮ್ಮವರಿಗೆ ಇಸಿಸಿ82 ಎಂಬ ಹೆಸರಿನಿಂದ ಪರಿಚಿತ, ಆಂಪ್ಲಿಫೈಯರ್ ಹುಚ್ಚಿನವರ ದೆಸೆಯಿಂದ ಅದರ ಬೆಲೆ ಏರಿದೆಯಾದರೂ ಸಿಗುತ್ತದೆ. ಡಯಲಿನ ಮೇಲೆ ಕಿಲೋಹರ್ಟ್ಜ್ ಎಂದಿಲ್ಲ, ಅದರ ಹಳೆಯ ಹೆಸರುಗಳಾದ ಕಿಲೋಸೈಕಲ್, ಮೆಗಾಸೈಕಲ್ ಎಂದಿದೆ.

ಕಿಟ್ ಎಂಬ ಸಂಗತಿ ಕೊಳ್ಳುವವರಿಗೆ ಮುಖ್ಯ. ಹತ್ತು ಎಸ್‌ಜಿ-8ಗಳನ್ನು ಸಾಲಾಗಿಟ್ಟರೆ ಅವು ಹತ್ತು ಜನರ ಕೈಬರಹದಂತೆ ಬೇರೆಬೇರೆಯಾಗಿರುತ್ತವೆ. ನನ್ನದನ್ನು ಜೋಡಿಸಿದವರು ತಂತಿಗಳನ್ನು ಅಚ್ಚುಕಟ್ಟಾಗಿ ಮಡಚಿ ಕೂರಿಸಿದ್ದರು, ಆದರೆ ಬ್ಯಾಂಡ್ ಸ್ವಿಚ್ಚಿನ ಎರಡು ಬೆಸುಗೆಗಳಿಗೆ ಕಾವು ಸಾಲದೆ ಹೋಗಿತ್ತು. ಹೊರಗಿನಿಂದ ಹೊಳೆಯುವ ಆ ಎರಡು ಗುಂಡುಗಳು ಮೂರನೆಯ ಬ್ಯಾಂಡನ್ನು ಆಗೊಮ್ಮೆ ಈಗೊಮ್ಮೆ ಸತ್ತಂತೆ ಮಾಡುತ್ತಿದ್ದವು, ಅವುಗಳನ್ನು ಹುಡುಕಲು ನನಗೆ ಎರಡು ಭಾನುವಾರ ಬೇಕಾಯಿತು. ಕಾಯಿಲ್‌ಗಳು ಮಾತ್ರ ಕಾರ್ಖಾನೆಯಲ್ಲಿ ಸುತ್ತಿ, ಹೊಂದಿಸಿ ಬಂದವು. ಹಳೆಯ ಯಂತ್ರ ಕೊಳ್ಳುವಾಗ ಮೊದಲು ಅವನ್ನೇ ನೋಡಬೇಕು. ಹಿಂದಿನ ಒಡೆಯರು ಡಯಲ್ ಸರಿಪಡಿಸುವ ಉತ್ಸಾಹದಲ್ಲಿ ಅವುಗಳನ್ನು ಕೆದಕಿದ್ದರೆ ಮುಂದಿನವರ ಪಾಡು ಕಷ್ಟ.

ವಿದ್ಯುತ್ತಿಗೆ ನಾನು 230ರಿಂದ 110 ವೋಲ್ಟಿಗೆ ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್ ಕಟ್ಟಿಸಿಕೊಂಡೆ. 117 ಬದಲು 110 ಆಯ್ದುಕೊಂಡದ್ದು ಉದ್ದೇಶಪೂರ್ವಕವಾಗಿ, ಏಕೆಂದರೆ ರಾತ್ರಿ ಹೊತ್ತು ನಮ್ಮ ಓಣಿಯಲ್ಲಿ ವೋಲ್ಟೇಜ್ 245ರವರೆಗೆ ಏರಿದಾಗ ಯಂತ್ರಕ್ಕೆ ಸಿಗುವುದು ಹೆಚ್ಚುಕಡಿಮೆ 117 ಆಗುತ್ತದೆ. ಒಳಗಿದ್ದ ಕಾಗದದ ಕೆಪಾಸಿಟರುಗಳನ್ನು ಪರೀಕ್ಷೆಯನ್ನೂ ಮಾಡದೆ ತೆಗೆದುಹಾಕಿದೆ, ಆ ವಯಸ್ಸಿನ ಕಾಗದದ ಕೆಪಾಸಿಟರ್ ಸೋರದೆ ಇರುವುದಿಲ್ಲ. ಎ.ಸಿ. ವಿದ್ಯುತ್ತನ್ನು ಡಿ.ಸಿ. ಮಾಡುವ ಸೆಲೆನಿಯಂ ರೆಕ್ಟಿಫೈಯರ್ ಇನ್ನೂ ಬದುಕಿತ್ತು. ಆದರೂ ಅದು ಸುಟ್ಟಾಗ ಬರುವ ಕೊಳೆತ ವಾಸನೆ ಮನೆಯೊಳಗೆ ಬೇಡವೆಂದು ಸಾಮಾನ್ಯ ಸಿಲಿಕಾನ್ ಡಯೋಡ್ ಹಾಕಿ, ಹೆಚ್ಚಾಗುವ ವೋಲ್ಟೇಜನ್ನು ತಗ್ಗಿಸಲು ಸರಣಿಯಲ್ಲಿ ಒಂದು ರೆಸಿಸ್ಟರ್ ಸೇರಿಸಿದೆ. ಎರಡು ತಂತಿಯ ಮೂಲ ವೈರಿನ ಬದಲು ಅರ್ಥಿಂಗ್ ಇರುವ ಮೂರು ತಂತಿಯ ವೈರನ್ನು ಹಾಕಿದೆ. ಇದನ್ನು ಮಾಡದೆ ಇಂಥ ಯಂತ್ರವನ್ನು ಯಾರೂ ಬಳಸಬಾರದು. ಮೂಲ ರೂಪ ಕೆಡುತ್ತದೆ ಎಂದು ಆಕ್ಷೇಪಿಸುವ ಸಂಗ್ರಾಹಕ ಮಿತ್ರರಿದ್ದಾರೆ. ಅವರ ಯಂತ್ರಗಳು ಗಾಜಿನ ಕಪಾಟಿನಲ್ಲಿವೆ, ನನ್ನದು ಮೇಜಿನ ಮೇಲಿದೆ. ಈ ಎಲ್ಲ ರಿಪೇರಿಗೆ ತಗುಲಿದ್ದು ಟ್ರಾನ್ಸ್‌ಫಾರ್ಮರ್ ಸೇರಿ 1,400 ರೂಪಾಯಿ.

ಇನ್ನು ಡಯಲಿನ ನಿಖರತೆ. ಈ ವಿಷಯದಲ್ಲಿ ಧಾರವಾಡದವರು ಅದೃಷ್ಟವಂತರು. 1950ರ ಜನವರಿಯಲ್ಲಿ ಆರಂಭವಾದ ನಮ್ಮ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 765 ಕಿಲೋಹರ್ಟ್ಜಿನಲ್ಲಿ, 200 ಕಿಲೋವ್ಯಾಟ್ ಶಕ್ತಿಯಲ್ಲಿದೆ. ಪ್ರಸಾರ ಕೇಂದ್ರಗಳು ಮಧ್ಯಮ ತರಂಗದಲ್ಲಿ ತಮ್ಮ ಆವರ್ತನದಿಂದ 10 ಹರ್ಟ್ಜಿಗಿಂತ ಹೆಚ್ಚು ಸರಿಯಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಹಾಗಾಗಿ ಮನೆಬಾಗಿಲಲ್ಲೇ ಒಂದು ಪುಕ್ಕಟೆ ಅಳತೆಗೋಲು ಇದ್ದಂತಾಯಿತು. ಒಂದು ಸಾಧಾರಣ ರೇಡಿಯೋದಲ್ಲಿ ಧಾರವಾಡ ಕೇಂದ್ರವನ್ನು ಹಿಡಿದು, ಜನರೇಟರಿನ ಮಾಡ್ಯುಲೇಶನ್ (ಸಂಕೇತದ ಮೇಲೆ ಹೇರುವ, ಕಿವಿಗೆ ಕೇಳುವ ಸ್ವರ) ಬಂದ್ ಮಾಡಿ, ಅದರ ತಂತಿಯನ್ನು ರೇಡಿಯೋದ ಹತ್ತಿರ ಸುಮ್ಮನೆ ಬಿಟ್ಟು, ಡಯಲನ್ನು 765ರ ಕಡೆಗೆ ನಿಧಾನವಾಗಿ ತಿರುಗಿಸಿದರೆ ಸಿಳ್ಳೆಯೊಂದು ಕೇಳಿಸುತ್ತದೆ. ಎರಡು ಆವರ್ತನಗಳು ಹತ್ತಿರವಾದಂತೆ ಆ ಸಿಳ್ಳೆ ಇಳಿಯುತ್ತ, ಗುರುಗುಟ್ಟುತ್ತ, ಕೊನೆಗೆ ನಿಶ್ಶಬ್ದವಾಗುತ್ತದೆ. ಅಲ್ಲಿ ಮುಳ್ಳು ಎಲ್ಲಿ ನಿಂತಿದೆಯೋ ಅದು ನಿಜವಾದ 765.

ಇಷ್ಟು ಎಲ್ಲರಿಗೂ ಗೊತ್ತಿರುವ ಉಪಾಯ. ಹೆಚ್ಚು ಉಪಯೋಗಕ್ಕೆ ಬರುವುದು ಹಾರ್ಮೋನಿಕ್‌ಗಳು. ಈ ದರ್ಜೆಯ ಜನರೇಟರುಗಳ ತರಂಗ ಶುದ್ಧವಲ್ಲ, ಮೂಲ ಆವರ್ತನದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಆವರ್ತನಗಳೂ ಹೊರಬರುತ್ತವೆ. ಡಯಲನ್ನು 382.5ಕ್ಕೆ ತಂದರೆ ಅದರ ಇಮ್ಮಡಿ 765 ಆಗಿ ಮತ್ತೆ ಅದೇ ಸಿಳ್ಳೆ ಬರುತ್ತದೆ, 255ರಲ್ಲಿ ಮುಮ್ಮಡಿ, 191.25ರಲ್ಲಿ ನಾಲ್ಮಡಿ. ರಾತ್ರಿ ಹೊತ್ತು ಬೆಂಗಳೂರಿನ 612 ಸಿಕ್ಕರೆ 306 ಮತ್ತು 204 ಕೂಡ ದೊರೆಯುತ್ತವೆ. ಹೀಗೆ ಒಂದು ಪೈಸೆ ಖರ್ಚಿಲ್ಲದೆ ಮೊದಲ ಬ್ಯಾಂಡಿನಲ್ಲಿ ಐದು ಗುರುತುಗಳು ಸಿಕ್ಕವು. ನನ್ನ ಯಂತ್ರದ ಮುಳ್ಳು 255 ಇರಬೇಕಾದಲ್ಲಿ 258ನ್ನೂ, 382.5 ಇರಬೇಕಾದಲ್ಲಿ 385ನ್ನೂ ತೋರಿಸುತ್ತದೆ. ಶೇಕಡಾ ಒಂದರ ಆಸುಪಾಸಿನ ಈ ತಪ್ಪು ಮನೆಯಲ್ಲಿ ಜೋಡಿಸಿದ ಕಿಟ್ಟಿಗೆ ಗೌರವದ ಅಂಕ ಎಂದೇ ನನ್ನ ಅಭಿಪ್ರಾಯ. ಆದರೆ 455ರಲ್ಲಿ ಶೇಕಡಾ ಒಂದೆಂದರೆ ನಾಲ್ಕೂವರೆ ಕಿಲೋಹರ್ಟ್ಜ್. ಆ ಕೆಲಸಕ್ಕೆ ಡಯಲನ್ನು ನಂಬದೆ ಈಗ ಅಗ್ಗವಾಗಿ ಸಿಗುವ ಒಂದು ಡಿಜಿಟಲ್ ಫ್ರೀಕ್ವೆನ್ಸಿ ಕೌಂಟರನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಕೌಂಟರ್ ತೋರಿಸಿಕೊಟ್ಟ ಇನ್ನೊಂದು ಸತ್ಯವೆಂದರೆ, ಹಚ್ಚಿದ ಮೊದಲ ಇಪ್ಪತ್ತು ನಿಮಿಷ ಆವರ್ತನ ಒಂದೂವರೆ ಕಿಲೋಹರ್ಟ್ಜಿನಷ್ಟು ಸರಿಯುತ್ತದೆ, ಆಮೇಲೆ ಕಲ್ಲಿನಂತೆ ನಿಲ್ಲುತ್ತದೆ. ಹಾಗಾಗಿ ಯಂತ್ರ ಹಚ್ಚಿ, ಚಹಾ ಕುಡಿದು ಬಂದು ಕೆಲಸಕ್ಕೆ ಕೂರುವುದು ರೂಢಿಯಾಗಿದೆ.

ಕಳೆದ ವರ್ಷ ಗದಗದ ಮಿತ್ರರೊಬ್ಬರು ಅವರ ತಂದೆಯ ಕಾಲದ ಐದು ವಾಲ್ವಿನ ಸೆಟ್ಟೊಂದನ್ನು ತಂದರು. ಅದರ ಐ.ಎಫ್. ಟ್ರಾನ್ಸ್‌ಫಾರ್ಮರಿನ ತಿರುಪುಗಳನ್ನು ಯಾರೋ ‘ಸಡಿಲಾಗಿವೆ’ ಎಂದು ಬಿಗಿಮಾಡಿಬಿಟ್ಟಿದ್ದರು. ಜನರೇಟರಿನ ಸಂಕೇತವನ್ನು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಮಿಕ್ಸರ್ ವಾಲ್ವಿನ ಗ್ರಿಡ್ಡಿಗೆ ಕೊಟ್ಟು, ಸ್ಪೀಕರಿಗೆ ಮೀಟರ್ ಕಟ್ಟಿ, ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ಹಿಂದಕ್ಕೆ ಬಂದೆ. ಒಂದೊಂದು ಕಾಯಿಲ್ ಕೂಡಿಬಂದಂತೆಲ್ಲ ಸಂಕೇತವನ್ನು ತಗ್ಗಿಸುತ್ತ ಹೋಗಬೇಕು, ಇಲ್ಲವಾದರೆ ರೇಡಿಯೋದ ಎ.ವಿ.ಸಿ. (ಸ್ವಯಂಚಾಲಿತ ಧ್ವನಿ ನಿಯಂತ್ರಣ) ತಾನೇ ಧ್ವನಿಯನ್ನು ಸಮಮಾಡಿ ಶಿಖರ ಎಲ್ಲಿದೆ ಎಂಬುದನ್ನು ಮರೆಮಾಡುತ್ತದೆ. ಎಸ್‌ಜಿ-8ರಲ್ಲಿ ಸಂಕೇತವನ್ನು ಹಂತಹಂತವಾಗಿ ತಗ್ಗಿಸುವ ಒಂದು ಅಟೆನ್ಯುಯೇಟರ್, ನಯವಾಗಿ ತಿರುಗುವ ಒಂದು ನಿಯಂತ್ರಣ, ಎರಡೂ ಇರುವುದರಿಂದ ಆರಂಭದಲ್ಲಿ ಇದು ಸಲೀಸು. ಬಳಿಕ ಮಧ್ಯಮ ತರಂಗದಲ್ಲಿ ಡಯಲಿನ ಎರಡು ತುದಿಗಳನ್ನು ಹೊಂದಿಸುವ ಸಣ್ಣ ಕೆಪಾಸಿಟರುಗಳ ಸರದಿ: 600ರಲ್ಲಿ ಪ್ಯಾಡರ್, 1400ರಲ್ಲಿ ಟ್ರಿಮ್ಮರ್, ಮತ್ತೆ 600, ಮತ್ತೆ 1400. ಈ ಎರಡೂ ಬಿಂದುಗಳು 765ರಿಂದ ದೂರವಿರುವುದು ಪುಣ್ಯ, ಇಲ್ಲದಿದ್ದರೆ ನಮ್ಮೂರಿನ 200 ಕಿಲೋವ್ಯಾಟಿನ ಎದುರು ಈ ಎರಡು ವಾಲ್ವಿನ ಪೆಟ್ಟಿಗೆಯ ದನಿ ಕೇಳುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸೆಟ್ಟು ಸುಧಾರಿಸಿತು. ಎರಿಯಲ್ ಇಲ್ಲದೆಯೇ ಬೆಂಗಳೂರು ಬಂದಾಗ ಮಿತ್ರರು ಮಾತಾಡಲಿಲ್ಲ, ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು.

ಸೂಕ್ಷ್ಮ ಹಂತಕ್ಕೆ ಬಂದಾಗ ಈ ದರ್ಜೆಯ ಎಲ್ಲ ಸರ್ವಿಸ್ ಜನರೇಟರುಗಳ ದೌರ್ಬಲ್ಯ ಇಲ್ಲಿಯೂ ಕಾಣುತ್ತದೆ. ಒಂದೇ ಪದರದ ತಗಡಿನ ಪೆಟ್ಟಿಗೆಯಿಂದಲೂ ವಿದ್ಯುತ್ ತಂತಿಯಿಂದಲೂ ಸಂಕೇತ ಸೋರುವುದರಿಂದ, ಅಟೆನ್ಯುಯೇಟರನ್ನು ಪೂರ್ತಿ ಇಳಿಸಿದರೂ ಪಕ್ಕದಲ್ಲಿರುವ ಒಳ್ಳೆಯ ರೇಡಿಯೋ ಅದನ್ನು ಕೇಳುತ್ತಲೇ ಇರುತ್ತದೆ. ಆದ್ದರಿಂದ ‘ಈ ಸೆಟ್ಟು ಎಷ್ಟು ಮೈಕ್ರೋವೋಲ್ಟನ್ನು ಹಿಡಿಯುತ್ತದೆ’ ಎಂಬ ಪ್ರಶ್ನೆಗೆ ಎಸ್‌ಜಿ-8 ಉತ್ತರ ಕೊಡಲಾರದು. ಅದು ಬೇಕಾದವರು ಪ್ರಯೋಗಾಲಯದ ದರ್ಜೆಯ ಎಚ್‌ಪಿ 606ಎ ಹುಡುಕಬೇಕು. 50 ಕಿಲೋಹರ್ಟ್ಜಿನಿಂದ 65 ಮೆಗಾಹರ್ಟ್ಜ್, 3 ವೋಲ್ಟಿನಿಂದ 0.1 ಮೈಕ್ರೋವೋಲ್ಟಿನವರೆಗೆ ಅಳೆದು ಕೊಡುವ ಸಂಕೇತ, ಡಯಲನ್ನು ತಾಳೆನೋಡಲು ಒಳಗೇ ಕ್ರಿಸ್ಟಲ್ ಕ್ಯಾಲಿಬ್ರೇಟರ್. ಕಾಲೇಜಿನ ಹರಾಜಿನಲ್ಲಿ ಒಮ್ಮೆ ಅದನ್ನು ಕಂಡೆ, ಎತ್ತಿ ನೋಡಿದೆ, ಬೆನ್ನಿನ ಮಾತು ಕೇಳಿ ಕೆಳಗಿಟ್ಟೆ.

ಮಾಡ್ಯುಲೇಶನ್ನಿನ 400 ಹರ್ಟ್ಜ್ ಸ್ವರದ ಬಗ್ಗೆ ಒಂದು ಮಾತು. ಪಕ್ಕದ ಮನೆಯಲ್ಲಿ ಹಿಂದೂಸ್ತಾನಿ ಕಲಿಯುವ ಹುಡುಗಿ ಇದನ್ನು ವಾರವಿಡೀ ಕೇಳಿ, ‘ಅಜ್ಜಾರ, ನಿಮ್ಮ ಪೆಟ್ಟಿಗಿ ಬಿಳಿ ಐದರಾಗೂ ಇಲ್ಲ, ಕಪ್ಪು ನಾಕರಾಗೂ ಇಲ್ಲ’ ಎಂದು ದೂರಿದಳು. ಅವಳ ಕಿವಿ ಸರಿಯಾಗಿದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಐದು 392 ಹರ್ಟ್ಜ್, ಕಪ್ಪು ನಾಲ್ಕು 415. ಅಂದಿನಿಂದ ಅವಳ ರಿಯಾಜಿನ ಹೊತ್ತಿನಲ್ಲಿ ನಾನು ಮೀಟರ್ ಮಾತ್ರ ನೋಡಿ, ಸ್ಪೀಕರಿನ ಬದಲು ರೆಸಿಸ್ಟರ್ ಕಟ್ಟಿ ಕೆಲಸ ಮಾಡುತ್ತೇನೆ.

ವಾಲ್ವಿನ ತಾಪತ್ರಯ ಬೇಡವೆನ್ನುವವರಿಗೆ ಜಪಾನಿನ ಲೀಡರ್ ಕಂಪನಿಯ ಎಲ್‌ಎಸ್‌ಜಿ-16 ಒಳ್ಳೆಯ ಆಯ್ಕೆ. ಟ್ರಾನ್ಸಿಸ್ಟರಿನ ಯಂತ್ರ, 100 ಕಿಲೋಹರ್ಟ್ಜಿನಿಂದ 100 ಮೆಗಾಹರ್ಟ್ಜ್, ಹಚ್ಚಿದ ಕೂಡಲೇ ಕೆಲಸಕ್ಕೆ ಸಿದ್ಧ. ಎರಡೂ ಒಂದೇ ಬೆಲೆಗೆ ಸಿಕ್ಕರೆ ಹೊಸಬರು ಅದನ್ನೇ ಕೊಳ್ಳಲಿ. ಡಿಜಿಟಲ್ ವಿಧಾನದಲ್ಲಿ ಆವರ್ತನ ಹುಟ್ಟಿಸುವ ಎಡಿ9850 ಚಿಪ್ಪಿನ ಸಣ್ಣ ಮಾಡ್ಯೂಲುಗಳು ಸ್ಥಿರತೆಯಲ್ಲಿ ಇವೆರಡನ್ನೂ ಮೀರಿಸುತ್ತವೆ. ಆದರೆ ಮಾಡ್ಯುಲೇಶನ್, ಅಟೆನ್ಯುಯೇಟರ್, ಪೆಟ್ಟಿಗೆ ಎಲ್ಲವನ್ನೂ ನಾವೇ ಕಟ್ಟಿಕೊಳ್ಳಬೇಕು. ಅಲ್ಲದೆ ದೊಡ್ಡ ನಾಬನ್ನು ಹಿಂದೆಮುಂದೆ ಆಡಿಸುತ್ತ ಕಾಯಿಲಿನ ಶಿಖರವನ್ನು ಬೆರಳಿನಲ್ಲೇ ಕಂಡುಕೊಳ್ಳುವ ಸೌಲಭ್ಯ ಗುಂಡಿ ಒತ್ತುವ ಯಂತ್ರದಲ್ಲಿ ಇಲ್ಲ.

ಧಾರವಾಡದ ಜಿಟಿಜಿಟಿ ಮಳೆ ಇಂಥ ಯಂತ್ರಗಳಿಗೆ ಹಿತವಲ್ಲ. ಮೊದಲ ವರ್ಷದ ಆಷಾಢ ಮುಗಿಯುವಷ್ಟರಲ್ಲಿ ಬ್ಯಾಂಡ್ ಸ್ವಿಚ್ಚಿನ ಸಂಪರ್ಕಗಳು ಕಪ್ಪಾಗಿ ಕರಕರ ಎನ್ನತೊಡಗಿದವು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆ ಸರಿಹೋದವು. ಈಗ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಕೆಲಸವಿರಲಿ, ಇಲ್ಲದಿರಲಿ, ಒಂದು ತಾಸು ಹಚ್ಚಿಡುತ್ತೇನೆ, ವಾಲ್ವುಗಳ ಕಾವೇ ಒಳಗಿನ ತೇವವನ್ನು ಓಡಿಸುತ್ತದೆ.

ಕೊಂಡ ಬೆಲೆಯೂ ರಿಪೇರಿಯೂ ಸೇರಿ 4,900 ರೂಪಾಯಿ ಆಯಿತು. ಇದೇ ಸ್ಥಿತಿಯ ಇನ್ನೊಂದು ಸಿಕ್ಕರೆ 4,000ದವರೆಗೆ ಕೊಟ್ಟು ತರುತ್ತೇನೆ, ಡಯಲ್ ಒಡೆದಿದ್ದರೆ ಅದರ ಅರ್ಧ. ಕಾಯಿಲ್ ಕೆದಕಿದ್ದನ್ನು ಮಾತ್ರ ಪುಕ್ಕಟೆ ಕೊಟ್ಟರೂ ತರುವುದಿಲ್ಲ, ಒಳಗಿನ ಎರಡು ವಾಲ್ವುಗಳಿಗಾಗಿ ಬೇಕಿದ್ದರೆ ಚೌಕಾಸಿ ಮಾಡಬಹುದು.